ಮೂಸಬಾರದ ಹೂ

ಹೂ ಬೆಳೆಸಿ, ಅದರ ವಾಸನೆ ಮಾತ್ರ ನೋಡದೆ ಆಯುಷ್ಯ ಕಳೆದ ಮನುಷ್ಯ ಇಡೀ ಕಲಬುರಗಿಯಲ್ಲಿ ನಮ್ಮ ಮಾವನವರೊಬ್ಬರೇ ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ. ಆ ದಿನ ಮುಂಜಾನೆಯೂ ಎಲ್ಲ ಎಂದಿನಂತೆಯೇ ನಡೆದಿತ್ತು. ನಳ ಬಂದಿತ್ತು, ನಾನು ಒಂದು ಕಣ್ಣು ಕೊಡದ ಮೇಲೆ, ಇನ್ನೊಂದು ಸ್ಟೋವಿನ ಹಾಲಿನ ಮೇಲೆ ಇಟ್ಟಿದ್ದೆ. ಮಾವನವರು ಸ್ನಾನ ಮಾಡಿ, ಮಡಿಯುಟ್ಟು, ಶಲ್ಯವನ್ನು ಮೂಗಿಗೆ ಅಡ್ಡ ಕಟ್ಟಿಕೊಂಡು ಹಿತ್ತಲಿಗೆ ಹೊರಟರು. ಗಾಬರಿಯಾಗಬೇಡಿ, ಹೂ ಬಿಡಿಸುವುದಕ್ಕೆ!

ಮೂಸಿದ ಹೂ ದೇವರಿಗೆ ನಡೆಯುವುದಿಲ್ಲ ಎಂಬುದು ನಮ್ಮ ವೈಷ್ಣವ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೆ ಬಿಡಿಸುವಾಗ ಅಪ್ಪಿತಪ್ಪಿ ವಾಸನೆ ಒಳಗೆ ಹೋದೀತೆಂದು ಮೂಗು ಕಟ್ಟಿಕೊಂಡವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಹೊಸದಾಗಿ ಬಂದ ಹಾಲಿನವನೊಬ್ಬ ಬಳ್ಳಿಗೆ ಏನೋ ಅಂಟುರೋಗ ಬಂದಿದೆಯೆಂದು ತಿಳಿದು, ವಾರದವರೆಗೆ ಗೇಟಿನಾಚೆಯಿಂದಲೇ ಹಾಲು ಹಾಕಿದ್ದ.

ಆ ಹೂ ಸ್ವೀಟ್ ಪೀ. ಬಟಾಣಿಯಂಥ ಬಳ್ಳಿ, ಚಿಟ್ಟೆ ಬಂದು ಕೂತಂಥ ತೆಳು ಗುಲಾಬಿ, ನೇರಳೆ ಹೂಗಳು. ನಾನು ಓದಿದ ಕಾನ್ವೆಂಟಿನ ಗೋಡೆಗುಂಟ ಅದರ ಸಾಲಿತ್ತು. ಚಳಿಗಾಲದಲ್ಲಿ ಸಿಸ್ಟರ್ ಒಂದು ಹಿಡಿ ತಂದು ಟೇಬಲ್ಲಿನ ಮೇಲಿನ ಗ್ಲಾಸಿನಲ್ಲಿ ಇಡುತ್ತಿದ್ದರು. ಮೊದಲ ಬೆಂಚಿನ ನನಗೆ ಆ ವಾಸನೆಯಿಲ್ಲದೆ ಗಣಿತ ಬರುತ್ತಿರಲಿಲ್ಲ. ಇದ್ದಾಗಲೂ ಬರುತ್ತಿರಲಿಲ್ಲ, ಆ ಮಾತು ಬೇರೆ! ಮದುವೆಯಾಗಿ ಈ ಬಿಸಿಲಿನ ಊರಿಗೆ ಬಂದ ಮೇಲೆ ಜೀವ ಅದಕ್ಕಾಗಿ ಹಪಹಪಿಸತೊಡಗಿತು. ಎಂಬತ್ತರ ದಶಕದ ಒಂದು ದಸರೆಗೆ ತವರಿನಿಂದ ಬೀಜ ತಂದೆ. ಮಾವನವರು "ಇಲ್ಲಿ ಕೊಡು" ಎಂದರು. ಅಷ್ಟೇ, ಹೂ ಅವರದಾಯಿತು.

ಹಿತ್ತಲಿನ ಕರಿಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆತವು. ಮಾವನವರು ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಒಂದು ಚೀಲ ಕೆಂಪು ಮಣ್ಣು ತಂದರು. ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಎಲ್ಲಾರೂ ಇಲ್ಲಿಂದ ಕೆಂಪು ಬಾಳಿಹಣ್ಣು ಒಯ್ತಾರ್ರೀ ಅಜ್ಜಾರ, ನೀವು ಮಣ್ಣು ಒಯ್ಯಾಕತ್ತೀರಿ" ಎಂದನಂತೆ. "ಹಣ್ಣು ತಿಂದ್ರ ತೀರತದಪಾ" ಎಂದು ಇವರು ಚೀಲವನ್ನು ಸೀಟಿನಲ್ಲಿ ಕೂಡಿಸಿ, ಊರು ಬರುವವರೆಗೆ ತಾವು ನಿಂತೇ ಬಂದರು!

ಬಳ್ಳಿ ಹಬ್ಬಲು ದಾರ ಬೇಕಲ್ಲ? ನೂಲಹುಣ್ಣಿಮೆಯಲ್ಲಿ ಮನೆಯ ಗಂಡಸರು ಬದಲಿಸಿದ ಹಳೆಯ ಜನಿವಾರಗಳನ್ನೆಲ್ಲ ಮಾವನವರು ಕೂಡಿಟ್ಟಿದ್ದರು. ಅವನ್ನೇ ಗೋಡೆಯ ಮೊಳೆಗಳಿಗೆ ಕಟ್ಟಿದರು. ಕುಡಿಗಳು ಹಿಡಿದುಕೊಂಡು ಸರಸರ ಏರಿದವು. ಬಳ್ಳಿಗೆ ಮುಂಜಿಯಾಯಿತು, ಇನ್ನು ಸಂಧ್ಯಾವಂದನೆಯೊಂದು ಬಾಕಿ ಎಂದು ನನ್ನ ಯಜಮಾನರು ನಕ್ಕರೆ, ಮಾವನವರು, "ನಿನಗಿಂತ ನೆಟ್ಟಗ ಮಾಡ್ತಾವ" ಎಂದರು.

ಈ ಹೂವನ್ನು ದಿನವೂ ಬಿಡಿಸಬೇಕು. ಬಿಟ್ಟರೆ ಕಾಯಿ ಕಟ್ಟಿ, ಬಳ್ಳಿ ಹೂ ಬಿಡುವುದನ್ನೇ ಮರೆಯುತ್ತದೆ. ಹಾಗಾಗಿ ಅರಳಿದ್ದೆಲ್ಲ ದೇವರಿಗೆ. ಪೂಜೆ ಮುಗಿದು ನನ್ನ ಕೈಗೆ ಬರುವ ಹೊತ್ತಿಗೆ ಅದಕ್ಕೆ ಗಂಧದ, ತುಳಸಿಯ, ಕರ್ಪೂರದ ವಾಸನೆಯೆಲ್ಲ ಇರುತ್ತಿತ್ತು, ಹೂವಿನದೊಂದು ಬಿಟ್ಟು. ಕದ್ದು ಮೂಸಬಹುದಿತ್ತಲ್ಲ ಅನ್ನುತ್ತೀರಾ? ಸಿಸ್ಟರ್‌ಗಳು ಕಲಿಸಿದ್ದರಲ್ಲಿ ನನಗೆ ಪೂರ್ತಿ ತಲೆಗೆ ಹತ್ತಿದ್ದು ಬೇಡವೆಂದರೆ ಬೇಡ ಎಂಬುದೊಂದೇ. ಸಂಜೆ ಬಳ್ಳಿಯಿಂದ ಎರಡು ಮಾರು ದೂರ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಗಾಳಿ ತಾನಾಗಿ ತಂದುಕೊಟ್ಟರೆ ನನ್ನ ತಪ್ಪೇನು? ಗಾಳಿ ಬರುತ್ತಿತ್ತು, ಪಕ್ಕದ ಮನೆಯ ಬೆಳ್ಳುಳ್ಳಿ ಒಗ್ಗರಣೆ ಹೊತ್ತು. ಹೀಗೆ ನಾಲ್ಕು ಚಳಿಗಾಲ ಕಳೆದವು.

ನಾನು ಮೊದಲು ಹೇಳಿದ ಆ ಮುಂಜಾನೆಯ ಹಿಂದಿನ ಸಂಜೆ ಹಾಗೆ ನಿಂತಿದ್ದಾಗ ಮಾವನವರು ಬಂದರು. ಚಳಿಗಾಲ ಮುಗಿದು ಬಿಸಿಲು ಏರತೊಡಗಿತ್ತು, ಬಳ್ಳಿಯ ಬುಡದ ಎಲೆಗಳು ಒಣಗಿದ್ದವು. ಆ ವರ್ಷಕ್ಕೆ ಇನ್ನೊಂದು ದಿನದ ಹೂ ಸಿಕ್ಕರೆ ಹೆಚ್ಚು.

"ನಿಮ್ಮ ಸಾಲ್ಯಾಗ ಈ ಹೂ ಏನ್ ಮಾಡ್ತಿದ್ರವಾ?" ಎಂದು ಕೇಳಿದರು.

"ಏನಿಲ್ಲರೀ ಮಾವಾರ. ವಾಸನಿ ನೋಡ್ತಿದ್ವಿ."

"ಅಷ್ಟ?"

"ಅಷ್ಟರೀ."

ಅವರು ಬಹಳ ಹೊತ್ತು ಬಳ್ಳಿಯನ್ನು ನೋಡಿ ಒಳಗೆ ಹೋಗಿದ್ದರು.

ಅದಕ್ಕೇ ಏನೋ, ಆ ಮುಂಜಾನೆ ಹಿತ್ತಲಿನಿಂದ ತಡವಾಗಿ ಬಂದರು. ಬುಟ್ಟಿಯನ್ನು ನನ್ನ ಮುಂದೆ ನೆಲದ ಮೇಲಿಟ್ಟು, ಮುಖ ಆ ಕಡೆ ಮಾಡಿ, "ಇವು ದೇವರಿಗೆ ನಡಿಯಂಗಿಲ್ಲ. ನೆಲಕ್ಕ ಬಿದ್ದಿದ್ವು. ನೀನ ಇಟ್ಕೋ" ಎಂದರು. ದೇವರಿಗೆ ಅಂದು ಬರೀ ತುಳಸಿ. ಹೂಗಳಿಗೆ ಒಂದು ಕಣ ಮಣ್ಣೂ ಹತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ? ಸ್ಟೀಲ್ ಲೋಟದಲ್ಲಿ ಅವನ್ನಿಟ್ಟು ಮುಖ ಹುದುಗಿಸಿದೆ. ಹಾಲು ಉಕ್ಕಿ ಸ್ಟೋವೇ ಆರಿತಂತೆ. ನನಗೆ ಗೊತ್ತಾಗಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆಯ ಮನೆಯ ಆಪಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು:

"ನಿಮ್ಮ ಮಾವಾರಿಗೆ ನೆಗಡಿ ಆಗ್ಯಾದೇನ್ರಿ ಭಾಬಿ? ಮುಂಜಾನಿ ಮೂಗಿಂದು ಬಟ್ಟಿ ಬಿಚ್ಚಿ, ಒಂದೊಂದ ಹೂ ಹರದು ಮೂಸಾಕತ್ತಿದ್ರು. ಒಂದೂ ಬಿಡಲಿಲ್ಲ ನೋಡ್ರಿ."