ಬಡ್ತಿ ಪಡೆದ ಟಾಸ್ಕ್‌ಬಾರು

ಜನನ ಮರಣ ನೋಂದಣಿ ಕಚೇರಿಯಲ್ಲಿ ನೌಕರರ ಸ್ಥಾನಮಾನವನ್ನು ಅವರವರ ಕಂಪ್ಯೂಟರಿನ ಟಾಸ್ಕ್‌ಬಾರಿನ ದಪ್ಪದಿಂದ ಅಳೆಯಲಾಗುತ್ತದೆ. ಪರದೆಯ ಅಂಚಿನಲ್ಲಿ ಗಡಿಯಾರವನ್ನೂ ನಾಲ್ಕಾರು ಪುಟ್ಟ ಚಿತ್ರಗಳನ್ನೂ ಹೊತ್ತು ಮಲಗಿರುವ ಆ ಉದ್ದನೆಯ ಪಟ್ಟಿ ಬೇರೆಲ್ಲ ಕಡೆ ಬೆರಳಷ್ಟೇ ದಪ್ಪವಿರುತ್ತದೆ. ಈ ಕಚೇರಿಯಲ್ಲಿ ಯಾರ ಪಟ್ಟಿಯಾದರೂ ಬೆರಳಷ್ಟಿದ್ದರೆ ಅವರಿಗೆ ಯಾರೂ ನಮಸ್ಕಾರ ಹೇಳುವುದಿಲ್ಲ.

ಮೊದಲು ಕುರ್ಚಿಯಿಂದ ಅಳೆಯುತ್ತಿದ್ದರು. ಹಳೆಯ ಕುರ್ಚಿಗಳಿಗೆ ತಿಗಣೆ ಹತ್ತಿ, ಎಲ್ಲರಿಗೂ ಒಂದೇ ಥರದ ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ, ಯಾರನ್ನು ಕಂಡರೆ ಯಾರು ಎದ್ದು ನಿಲ್ಲಬೇಕೆಂದು ತಿಳಿಯದೆ ಕೆಲಸವೆಲ್ಲ ನಿಂತುಹೋಯಿತು. ಅಷ್ಟರಲ್ಲಿ ಒಂದು ದಿನ ಸಾಹೇಬರು ಆಕಳಿಸುತ್ತಾ ಮೌಸ್ ಒತ್ತಿ ಎಳೆದಿದ್ದರಿಂದ ಅವರ ಪಟ್ಟಿ ಪರದೆಯ ನೆತ್ತಿಗೆ ಹೋಗಿ ಕುಳಿತು, ಅಲ್ಲಿಂದ ಅರ್ಧದವರೆಗೆ ಊದಿಕೊಂಡಿತು. ಕೈತಪ್ಪಿನಿಂದ ಹೀಗಾಯಿತು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಾಹೇಬರಿಗಂತೂ ಮೊದಲೇ ಇರಲಿಲ್ಲ. ಮರುದಿನ ಸುತ್ತೋಲೆ ಹೊರಟಿತು:

"ಮೇಲಧಿಕಾರಿಯ ಪಟ್ಟಿ ಮೇಲೆಯೇ ಇರತಕ್ಕದ್ದು. ಉಳಿದವರ ಪಟ್ಟಿ ಕೆಳಗಿದ್ದು, ಬಡ್ತಿಗೆ ತಕ್ಕಂತೆ ಬೆಳೆಯತಕ್ಕದ್ದು. ಅಮಾನತಿನಲ್ಲಿರುವವರ ಪಟ್ಟಿಯನ್ನು ಪಕ್ಕಕ್ಕೆ ನಿಲ್ಲಿಸತಕ್ಕದ್ದು."

ಅಂದಿನಿಂದ ಸಾಹೇಬರ ಪರದೆಯಲ್ಲಿ ಅರ್ಜಿದಾರರ ಹೆಸರು ಕಾಣುತ್ತಿಲ್ಲ. ಸಹಿ ಹಾಕುವ ಜಾಗ ಮಾತ್ರ ಕಾಣುತ್ತದೆ. ಕೆಲಸ ಬಹಳ ಚುರುಕಾಗಿದೆ ಎಂದು ಅವರಿಗೆ ಪ್ರಶಂಸೆ ಬಂದಿದೆ.

ಇಂಥ ಸುವ್ಯವಸ್ಥಿತ ಕಚೇರಿಗೆ ಹೊಲಿಗೆಯಾಕೆಯೊಬ್ಬಳು ಮಗಳನ್ನು ಎತ್ತಿಕೊಂಡು ಬಂದಳು. ಮಗಳನ್ನು ಶಾಲೆಗೆ ಸೇರಿಸಲು ಅದೇ ಕೊನೆಯ ದಿನ. ಜನನ ಪತ್ರದಲ್ಲಿ ತಾಯಿಯ ಹೆಸರಿನ ಜಾಗ ಖಾಲಿ ಇರಕೂಡದು ಎಂದು ಶಾಲೆಯವರು ಹೇಳಿ ಕಳಿಸಿದ್ದರು. "ಹೊತ್ತವಳೂ ನಾನೇ, ಹೆತ್ತವಳೂ ನಾನೇ, ಅದಕ್ಕೊಂದು ಕಾಗದ ತರೋಕೂ ನಾನೇ ಹೋಗ್ಬೇಕು" ಎಂದು ಗಂಡನಿಗೆ ಕೇಳಿಸುವಂತೆ ಬಾಗಿಲಿಗೆ ಹೇಳಿ ಹೊರಟಿದ್ದಳು.

ಕಿಟಕಿಯ ಗುಮಾಸ್ತನಿಗೆ ಶಾಲೆಗಳ ಸೇರ್ಪಡೆ ಶುರುವಾಗುವ ಮೊದಲೇ ಬಡ್ತಿ ಸಿಕ್ಕಿತ್ತು. ಅವನ ಪಟ್ಟಿ ಸಾಹೇಬರ ಪಟ್ಟಿಗಿಂತ ಒಂದು ಕೂದಲೆಳೆಯಷ್ಟೇ ಕಡಿಮೆ.

"ಮಗು ಕಾಣ್ತಿದೆ" ಎಂದ ಅವನು. "ತಂದೆಯೂ ಕಾಣ್ತಿದ್ದಾರೆ. ತಾಯಿ ಕಾಣ್ತಿಲ್ಲ."

"ಎದುರಿಗೇ ನಿಂತಿದೀನಲ್ಲ ಅಣ್ಣ!"

"ಕಿಟಕೀಲಿ ಕಾಣ್ತೀಯಮ್ಮ, ಪರದೇಲಿ ಕಾಣ್ತಿಲ್ಲ. ನನಗೆ ಸಂಬಳ ಕೊಡೋದು ಪರದೆ ನೋಡೋಕೆ."

ಆಕೆ ಕತ್ತು ತೂರಿಸಿ ನೋಡಿದಳು. ತಂದೆಯ ಹೆಸರಿನವರೆಗೂ ಆ ಕರಿಯ ಪಟ್ಟಿ ನೆರೆಯ ನೀರಿನ ಹಾಗೆ ಏರಿ ನಿಂತಿತ್ತು.

"ಅಣ್ಣ, ಅಂಚು ಜಾಸ್ತಿ ಮಡಚಿದೀರ. ಪ್ಯಾಂಟಿಗೆ ಇಷ್ಟು ಅಂಚು ಮಡಚಿದ್ರೆ ಮೊಣಕಾಲು ಕಾಣತ್ತೆ, ಗಿರಾಕಿ ನನ್ನ ಮುಖಕ್ಕೇ ಎಸೆದು ಹೋಗ್ತಾರೆ. ಸ್ವಲ್ಪ ಕೆಳಗೆ ಬಿಡಿ."

"ಬಿಡೋದಾ?" ಗುಮಾಸ್ತ ಪಟ್ಟಿಯನ್ನು ಅಂಗೈಯಿಂದ ಸವರಿದ. "ತಲೆಗೂದಲು ಉದುರೋವರೆಗೂ ಕಾದು ಪಡ್ಕೊಂಡಿದ್ದು ಕಣಮ್ಮ ಇದು. ನನ್ನ ಹೆಂಡ್ತಿ ತವರಿನವರನ್ನೆಲ್ಲ ಕರ್ಕೊಂಡು ಬಂದು ತೋರಿಸಿ ಹೋದ್ಲು."

"ನನ್ನ ಹೆಸರು ಅದರಡೀಲಿ ಉಸಿರು ಕಟ್ಕೊಂಡು ಬಿದ್ದಿದೆಯಲ್ಲ?"

"ಬಿದ್ದಿರಲಿ ಬಿಡು. ಎಲ್ಲಿಗೆ ಹೋಗತ್ತೆ?"

ಆಗ ಆಕೆ ಮಾಡಬಾರದ್ದನ್ನು ಮಾಡಿದಳು. ಮಗಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಸಂದಿಯಲ್ಲಿ ಕೈ ತೂರಿಸಿ, ಮೌಸ್ ಹಿಡಿದು ಪಟ್ಟಿಯ ಅಂಚನ್ನು ಸರ್ರನೆ ಕೆಳಕ್ಕೆ ಎಳೆದಳು. ಪಟ್ಟಿ ಬೆರಳಷ್ಟಾಯಿತು. ಆಕೆಯ ಹೆಸರು ಒಂದಕ್ಷರವೂ ತಪ್ಪಿಲ್ಲದೆ ಬೆಳಕಿಗೆ ಬಂತು.

ಗುಮಾಸ್ತ ತಟ್ಟನೆ ಎದ್ದು ನಿಂತ. ಅಷ್ಟು ಸಣ್ಣ ಪಟ್ಟಿಯವನು ಕುಳಿತಿರುವಂತಿಲ್ಲ. ಬೆಳಿಗ್ಗೆಯಷ್ಟೇ "ಸಾರ್, ಸ್ವಲ್ಪ ಕಾಲೆತ್ತಿ" ಎಂದಿದ್ದ ಕಸ ಗುಡಿಸುವವಳು ಪರದೆಯನ್ನೊಮ್ಮೆ ನೋಡಿ, "ಏಯ್, ಆ ಕಡೆ ಹೋಗೋ" ಎಂದಳು.

ಸರದಿಯಲ್ಲಿದ್ದವರೆಲ್ಲ ಸಿಡಿದೆದ್ದರು, ಗುಮಾಸ್ತನ ಪರವಾಗಿ.

"ಅವನ ಹೊಟ್ಟೆ ಮೇಲೆ ಹೊಡೀತೀಯಲ್ಲಮ್ಮ!" ಎಂದ ಒಬ್ಬ ಮುದುಕ.

"ನನ್ನ ಅವಳಿ ಮಕ್ಕಳಿಬ್ಬರ ಪತ್ರದಲ್ಲೂ ನಾನು ಕಾಣ್ತಿಲ್ಲ" ಎಂದಳು ಹಿಂದಿದ್ದ ಹೆಂಗಸು. "ನಾನೇನಾದ್ರೂ ಕೂಗಾಡಿದೀನಾ? ಇವಳೊಬ್ಬಳೇ ಮಕ್ಕಳನ್ನ ಹೆತ್ತಿರೋ ಹಾಗೆ ಆಡ್ತಾಳೆ!"

ಗಲಾಟೆಗೆ ಎಚ್ಚರಗೊಂಡ ಸಾಹೇಬರು ಹೊರಬಂದರು. ನೌಕರನೊಬ್ಬನನ್ನು ಹಾಡಹಗಲೇ ಹಿಂಬಡ್ತಿಗೆ ಎಳೆದ ಅಪರಾಧವನ್ನು ದೊಡ್ಡ ಮನಸ್ಸಿನಿಂದ ಮನ್ನಿಸಿ, ಪಟ್ಟಿಯನ್ನು ತಮ್ಮ ಕೈಯಾರೆ ಮೇಲೆತ್ತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತ ಕಣ್ಣೊರೆಸಿಕೊಂಡು ಕುಳಿತ.

"ಪತ್ರದಲ್ಲಿ ಖಾಲಿ ಮಾತ್ರ ಬಿಡ್ಬೇಡಿ ಸಾರ್" ಎಂದು ಹೊಲಿಗೆಯಾಕೆ ಗೋಗರೆದಳು. "ಮಗೂನ ಸೇರಿಸ್ಕೊಳ್ಳಲ್ಲ. ಒಂದು ವರ್ಷ ಹಾಳಾಗತ್ತೆ."

"ಖಾಲಿ ಯಾಕೆ ಬಿಡೋಣ? ಈ ಕಚೇರಿ ಇರೋದನ್ನ ಇದ್ದ ಹಾಗೇ ಬರೆಯತ್ತೆ" ಎಂದರು ಸಾಹೇಬರು.

ಗುಮಾಸ್ತ ಇದ್ದ ಹಾಗೇ ಬರೆದುಕೊಟ್ಟ. ತಾಯಿ: ಪಟ್ಟಿಯ ಕೆಳಗೆ.

ಆಕೆ ಮಗಳನ್ನು ಎತ್ತಿಕೊಂಡು ಶಾಲೆಗೆ ಓಡಿದಳು. ಮುಖ್ಯೋಪಾಧ್ಯಾಯಿನಿ ಪತ್ರವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸರಿಯಾಗಿದೆ" ಎಂದರು ಅವರು. "ಬೆಳಿಗ್ಗೆ ಒಬ್ಬಳು ಬಂದಿದ್ಲು ನೋಡಿ, ಎಲ್ಲಿಂದಲೋ ಒಂದು ಪತ್ರ ಹಿಡ್ಕೊಂಡು. ತಾಯಿ ಅಂತ ಇರೋ ಕಡೆ ಯಾವುದೋ ಹೆಂಗಸಿನ ಹೆಸರಿತ್ತು! ನಕಲಿ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಇಡೀ ತರಗತಿ ಮಕ್ಕಳ ತಾಯಂದಿರು ಪಟ್ಟಿ ಕೆಳಗೆ ಇರುವಾಗ ಇವಳೊಬ್ಬಳಿಗೆ ಏನು ಕೊಂಬಾ?"

"ಎಂಥೆಂಥ ಜನ ಇರ್ತಾರೆ ಮೇಡಂ" ಎಂದಳು ಹೊಲಿಗೆಯಾಕೆ.

ಮಗಳ ಮೂಗು ಒರೆಸಿ, ಒಳಗೆ ಕಳಿಸಿ, ಪೆನ್ನು ಕೈಗೆತ್ತಿಕೊಂಡಳು. ಸೇರ್ಪಡೆ ಅರ್ಜಿಯಲ್ಲಿ ತಾಯಿಯ ಸಹಿ ಎಂದಿದ್ದ ಕಡೆ, ಯಾರೂ ಹೇಳಿಕೊಡದೆ, ದುಂಡಗಿನ ಅಕ್ಷರದಲ್ಲಿ "ಪಟ್ಟಿಯ ಕೆಳಗೆ" ಎಂದು ಬರೆದುಕೊಟ್ಟಳು.