ಬಲಕ್ಕೆ ದಾಟದ ಡಬ್ಬಿ

೧೯೫೮ನೆಯ ಇಸವಿ, ಡಿಸೆಂಬರ್ ತಿಂಗಳ ಮೂರನೆಯ ಸೋಮವಾರ, ಮಧ್ಯಾಹ್ನ ಒಂದೂವರೆ ಗಂಟೆ. ಸ್ಥಳ: ನಮ್ಮ ಕಚೇರಿಯ ಹಿಂದೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಪಕ್ಕದ ಹೊಂಗೆಮರದ ಬುಡ. ಹಾಜರಿದ್ದವರು: ದಫ್ತರು ವಿಭಾಗದ ಹೆಡ್ ಗುಮಾಸ್ತನಾದ ನಾನು, ಎರಡನೆಯ ಗುಮಾಸ್ತರಾದ ಪುಟ್ಟೇಗೌಡರು, ಟೈಪಿಸ್ಟ್ ಶ್ಯಾಮಣ್ಣ, ಮತ್ತು ಮೈಸೂರಿನಲ್ಲೇ ಅತಿ ಕೆಟ್ಟ ಅಡುಗೆ ಮಾಡುವ ಹೆಂಗಸಿನ ಗಂಡ.

ಕೊನೆಯ ಮಾತು ನನ್ನದಲ್ಲ. ಆ ಗಂಡನೇ ವರ್ಷಗಟ್ಟಲೆ ನಮಗೆ ಹೇಳಿ ನಂಬಿಸಿದ್ದು. ಅವರ ಹೆಸರು ಇಲ್ಲಿ ಬೇಡ, ಮಹಾಶಯರು ಎನ್ನುತ್ತೇನೆ. ಹೆಂಡತಿಯ ಅಡುಗೆಯನ್ನು ಅವರಷ್ಟು ಬಯ್ದವರನ್ನು ನಾನು ಕಂಡಿಲ್ಲ, ಬಯ್ಯುತ್ತಲೇ ಅಷ್ಟು ಜನರನ್ನು ನಗಿಸಿದವರನ್ನೂ ಕಂಡಿಲ್ಲ. ಅವರಿಗೆ ನಮ್ಮಿಂದ ಬೇಕಾಗಿದ್ದದ್ದು ಒಂದೇ: ಊಟದ ಹೊತ್ತಿನಲ್ಲಿ ನಮ್ಮ ಚಾಪೆಯ ಮೇಲೆ ಮೊಳದಗಲ ಜಾಗ. ಆ ಜಾಗವನ್ನು ಅವರಿಂದ ಕಿತ್ತುಕೊಂಡವನು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಾಪೆಯ ವಿಷಯ. ಸ್ವಾತಂತ್ರ್ಯ ಬರುವವರೆಗೆ ನಮ್ಮ ಕಚೇರಿಯಲ್ಲಿ ಒಬ್ಬೊಬ್ಬರೂ ಒಂದೊಂದು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಕೋಣೆಗೆ ಇದ್ದದ್ದು ನಾಲ್ಕೇ ಗೋಡೆ. ಹೊಸ ಜಾತಿಯವರೊಬ್ಬರು ವರ್ಗವಾಗಿ ಬಂದರೆ ಪಾಪ, ಬಾಗಿಲಿಗೆ ಮುಖ ಮಾಡಬೇಕಾಗುತ್ತಿತ್ತು. ನಾನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಆರಕ್ಕೆ ವಾಕಿಂಗ್ ಮುಗಿಸಿ, ಹತ್ತಕ್ಕೆ ಐದು ನಿಮಿಷವಿರುವಾಗ ಕುರ್ಚಿಯಲ್ಲಿರುವ ಮನುಷ್ಯ. ದೇಶ ಸ್ವತಂತ್ರವಾದ ಮೇಲೆ ಊಟದಲ್ಲಿ ಇಂಥ ಅವ್ಯವಸ್ಥೆ ನನಗೆ ಸರಿಕಾಣಲಿಲ್ಲ. ಒಂದು ಚಾಪೆ ತಂದೆ. ಒಂದು ಹಾಳೆಯಲ್ಲಿ ನಾಲ್ಕು ನಿಯಮ ಬರೆದು ಗೋಡೆಗೆ ಹೊಡೆದೆ. ಒಂದೂವರೆಗೆ ಚಾಪೆ ಹಾಸಬೇಕು. ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಬೇಕು. ಪ್ರತಿಯೊಬ್ಬರ ಡಬ್ಬಿಯೂ ಬಲಕ್ಕೆ ದಾಟುತ್ತಾ ಸುತ್ತಿ ಬರಬೇಕು. ಎರಡಕ್ಕೆ ಚಾಪೆ ಸುತ್ತಬೇಕು. ಗೌಡರ ಡಬ್ಬಿಯಿಂದ ಉಂಡು ಬಂದ ಮಗ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ನನ್ನ ತಾಯಿ ಆರು ತಿಂಗಳು ಹಠ ಹಿಡಿದರು. ದಿನಾ ಸಂಜೆ ಸ್ನಾನ ಮಾಡಿದೆ, ನಿಯಮ ಬಿಡಲಿಲ್ಲ. ಆ ಹಾಳೆಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ವರ್ಷಕ್ಕೊಮ್ಮೆ ಹೊಸ ಶಾಯಿಯಲ್ಲಿ ತಿದ್ದಿ ಬರೆಯುತ್ತಿದ್ದೆ.

ಮಹಾಶಯರು ನಮ್ಮ ವಿಭಾಗಕ್ಕೆ ಬಂದದ್ದು ೧೯೫೪ರಲ್ಲಿ. ಮೂವತ್ತೆರಡು ಮೂವತ್ತಮೂರು ವಯಸ್ಸು, ತೆಳ್ಳಗಿನ ಮೈ, ಅರಮನೆ ಚಾಕರಿಯಲ್ಲಿದ್ದ ಹಳೆಯ ಮನೆತನ. ಮೊದಲ ದಿನವೇ ಡಬ್ಬಿಗಳು ಬಲಕ್ಕೆ ದಾಟತೊಡಗಿದಾಗ ಅವರು ತಮ್ಮದರ ಮೇಲೆ ಅಂಗೈ ಊರಿ ಕುಳಿತರು.

"ಕ್ಷಮಿಸಬೇಕು ಸ್ವಾಮಿ. ಇದು ನನ್ನ ಹೆಂಡತಿ ಮಾಡಿದ ಉಪ್ಪಿಟ್ಟು. ಇಷ್ಟು ಜನ ಸರ್ಕಾರಿ ನೌಕರರ ಪ್ರಾಣಕ್ಕೆ ನಾನೊಬ್ಬ ಜವಾಬ್ದಾರನಾಗೋಕೆ ಆಗಲ್ಲ."

"ಅಷ್ಟೊಂದು ಕೆಟ್ಟದಾಗಿರತ್ತಾ?" ಎಂದ ಶ್ಯಾಮಣ್ಣ.

"ನೆನ್ನೆ ಕಾಗೆಗೆ ಹಾಕಿದೆ ಕಣ್ರೀ. ತಿಂತು, ಹಾರಿಹೋಯ್ತು, ಆಮೇಲೆ ವಾಪಸ್ ಬಂದು ನನ್ನ ಭುಜದ ಮೇಲೆ ಕೂತು ಸಮಾಧಾನ ಹೇಳ್ತು."

ಪುಟ್ಟೇಗೌಡರಿಗೆ ನೆತ್ತಿಗೇರಿ, ಅವರ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ನಗು ನಿಲ್ಲುವ ಹೊತ್ತಿಗೆ ಎರಡು ಗಂಟೆ. ಡಬ್ಬಿ ದಾಟಲಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಅಲ್ಲಿಂದ ದಿನಕ್ಕೊಂದು ಕಥೆ. ಇಡ್ಲಿಯನ್ನು ಕಾಗದದ ಮೇಲೆ ಭಾರಕ್ಕಿಟ್ಟರೆ ಆಷಾಢದ ಗಾಳಿಗೂ ಹಾಳೆ ಅಲುಗದು. ದಾರಿಯಲ್ಲಿ ಟಯರು ಹರಿದಾಗ ಚಪಾತಿಯನ್ನು ಒಳಗಿನಿಂದ ಒತ್ತುಕೊಟ್ಟು ಕಚೇರಿ ಸೇರಿದರು. ಶ್ಯಾಮಣ್ಣ ನಿಜವಾಗಿಯೂ ಎದ್ದು ಹೋಗಿ ಆ ಟಯರನ್ನು ಒತ್ತಿ ನೋಡಿ ಬಂದ! ಪಕ್ಕದ ವಿಭಾಗದವರು ಒಂದೂವರೆಗೆ ನಮ್ಮ ಬಾಗಿಲಿಗೆ ಬಂದು ನಿಂತು, "ಇವತ್ತು ಏನಂತೆ ಅಡುಗೆ?" ಎಂದು ಕೇಳುವ ಮಟ್ಟಿಗೆ ಆಕೆ ಪ್ರಸಿದ್ಧಳಾದಳು. ನಾವು ಯಾರೂ ಆಕೆಯನ್ನು ನೋಡಿರಲಿಲ್ಲ.

ಅವರು ಕಚೇರಿಯ ಹೂಜಿಯ ನೀರು ಕುಡಿಯುತ್ತಿರಲಿಲ್ಲ. ಮನೆಯಿಂದ ನೀರು, ಮನೆಯಿಂದಲೇ ಲೋಟ. ಗೌಡರು ಕಾರಣ ಕೇಳಿದರು.

"ನಮ್ಮ ತಾತ ಅರಮನೇಲಿ ಈ ಲೋಟದಲ್ಲಿ ಯಾರಿಗೋ ಮಜ್ಜಿಗೆ ಕೊಟ್ಟರಂತೆ ಗೌಡ್ರೆ. ಅವತ್ತಿಂದ ಲೋಟಕ್ಕೆ ಜಂಬ. ಬೇರೆ ಲೋಟದ ಪಕ್ಕ ಕೂರಲ್ಲ ಅಂತದೆ."

ಅರಮನೆಯ ಮನೆತನದವರು ಊರ ನಡುವಿನ ಅಗ್ರಹಾರ ಬಿಟ್ಟು ಆಚೆ ಕೆಸರೆಯ ಕೊನೆಯಲ್ಲಿ, ಅಕ್ಕಪಕ್ಕ ಮನೆಯಿಲ್ಲದ ಕಡೆ ಬಾಡಿಗೆಗೆ ಇರುವುದೇಕೆ? "ದಸರಾದಲ್ಲಿ ನೆಂಟರು ಬಂದು ಇಳೀತಾರೆ ಸ್ವಾಮಿ. ಕೆಸರೆವರೆಗೆ ನಡೆಯೋ ನೆಂಟ ಇನ್ನೂ ಹುಟ್ಟಿಲ್ಲ." ಶನಿವಾರ ಅರ್ಧ ದಿನದ ಕಚೇರಿ ಮುಗಿದೊಡನೆ ಸೈಕಲ್ ಹತ್ತಿ ಊರಾಚೆಗೆ ಓಡುವುದೇಕೆ? "ಹೆಂಡತಿ ಅಡುಗೆಗೆ ಔಷಧ ತರೋಕೆ."

ನನ್ನ ಮನೆಯವಳು ರಾತ್ರಿ ಊಟ ಬಡಿಸುವಾಗ ಆಕೆಗೆ ಈ ಕಥೆಗಳನ್ನು ಹೇಳುತ್ತಿದ್ದೆ. ಆಕೆ ನಗಲಿಲ್ಲ. "ಹೊರಗಡೆ ಹೀಗೆ ಆಡ್ಕೊಂಡ್ರೆ ಆ ಹುಡುಗಿ ಮನಸ್ಸು ಎಷ್ಟು ನೊಂದಿರಬೇಕು. ಒಂದು ಭಾನುವಾರ ಕರ್ಕೊಂಡು ಬರೋಕೆ ಹೇಳಿ. ಸಾರು ಹುಳಿ ನಾನು ಕಲಿಸ್ತೀನಿ" ಎಂದಳು. ಮಾರನೆಯ ದಿನ ಹೇಳಿದೆ. ಮಹಾಶಯರು ಕೈ ಅಡ್ಡ ಆಡಿಸಿದರು.

"ಬೇಡ ಸ್ವಾಮಿ. ಅವಳು ಅಡುಗೆ ಕಲಿತುಬಿಟ್ಟರೆ ನಾನು ಇಲ್ಲಿ ಏನು ಮಾತಾಡಲಿ?"

ನನ್ನ ಮನೆಯವಳು ಸೋಲದೆ ಒಂದು ಶೀಶೆ ಸಾರಿನ ಪುಡಿ ಕಳಿಸಿದಳು. ವಾರದ ಮೇಲೆ ಶೀಶೆ ವಾಪಸ್ ಬಂತು. ಅದು ನಮ್ಮ ಶೀಶೆಯಲ್ಲ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಹೊಸದು. ಬರಿದಾಗಿ ಕೊಡಬಾರದೆಂದು ಜೊತೆಗೆ ಸಕ್ಕರೆ, ಅಂಗಡಿಯವನು ಕಟ್ಟಿದ ದಾರವನ್ನೂ ಬಿಚ್ಚದ ಪೊಟ್ಟಣದಲ್ಲಿ. "ನಿಮ್ಮದು ಕೈಜಾರಿ ಒಡೆದುಹೋಯ್ತು. ಪುಡಿಯ ರುಚಿಗೆ ಬೆಚ್ಚಿಬಿದ್ದಳು" ಎಂದರು.

ನನ್ನ ಲೆಕ್ಕಾಚಾರ ಪೂರ್ತಿಯಾದದ್ದು ಆಗ. ಡಬ್ಬಿ ದಾಟಿಸುವುದಿಲ್ಲ, ನಮ್ಮ ಡಬ್ಬಿಗಳಿಗೆ ಕೈ ಹಾಕುವುದಿಲ್ಲ, ನಮ್ಮ ಲೋಟ ಮುಟ್ಟುವುದಿಲ್ಲ, ನಮ್ಮ ಮನೆಯ ಶೀಶೆಯನ್ನು ತಿರುಗಿ ಕೊಡುವುದೂ ಇಲ್ಲ. ಮಡಿ! ಜೋಕಿನ ಅಂಗಿ ತೊಡಿಸಿದ ಅಪ್ಪಟ ಮಡಿ. ನನ್ನ ನಿಯಮದ ಹಾಳೆಯ ಕೆಳಗೇ ಕುಳಿತು ನಾಲ್ಕು ವರ್ಷದಿಂದ ಹಳೆಯ ಗೋಡೆಗೆ ಮುಖ ಮಾಡಿಕೊಂಡಿದ್ದಾನೆ ಈ ಮನುಷ್ಯ ಎನಿಸಿತು. ಬೇರೇನಾದರೂ ಇರಬಹುದೆಂದು ಹೊಳೆಯಲಿಲ್ಲವೆ? ಇಲ್ಲ. ಮಡಿಯನ್ನು ಗೆದ್ದೆನೆಂದುಕೊಂಡವನಿಗೆ ಎಲ್ಲಿ ನೋಡಿದರೂ ಮಡಿಯೇ ಕಾಣುತ್ತದೆ.

೧೯೫೮ರ ಜನವರಿಯಲ್ಲಿ ಗೌಡರು ಮನೆಯಿಂದ ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು ತಂದರು. ಅವರ ಊರಿನ ಹೊಲದ ಅವರೆಕಾಯಿ. ಒಂದು ರೊಟ್ಟಿಯನ್ನು ಮಹಾಶಯರ ಮುಂದಿನ ಎಲೆಯ ಮೇಲೆ ಹಾಕಿ, "ನಿಮ್ದೂ ಒಸಿ ಕೊಡಿ ಸ್ವಾಮಿ. ಎಷ್ಟು ಕೆಟ್ಟದಾಗದೆ ಅಂತ ನಾನೂ ನೋಡ್ಬುಡ್ತೀನಿ" ಎನ್ನುತ್ತಾ ಅವರ ಡಬ್ಬಿಗೆ ಕೈ ಹಾಕಿದರು.

"ಮುಟ್ಟಬೇಡಿ."

ಮಹಾಶಯರು ಡಬ್ಬಿಯನ್ನು ಎಳೆದುಕೊಂಡ ರಭಸಕ್ಕೆ ಮುಚ್ಚಳ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಆ ಧ್ವನಿಯಲ್ಲಿ ಅವರು ಮಾತನಾಡಿದ್ದನ್ನು ನಾವು ಕೇಳಿರಲೇ ಇಲ್ಲ. ತಕ್ಷಣ ನಕ್ಕು, "ನಿಮ್ಮಂಥ ಗುಮಾಸ್ತರನ್ನು ಸರ್ಕಾರಕ್ಕೆ ಎಲ್ಲಿಂದ ತಂದುಕೊಡಲಿ ಗೌಡ್ರೆ" ಎಂದರು. ಯಾರೂ ನಗಲಿಲ್ಲ.

ಗೌಡರು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ಬುಡಿ ಸ್ವಾಮಿ. ನಾವು ಮುಟ್ಟಿದ್ರೆ ಆಗಾಕಿಲ್ಲ ಅಂತ ಮೊದ್ಲೇ ಏಳ್ಬುಟ್ಟಿದ್ರೆ ಆಗೋದು."

ನಾನು ಎದ್ದು ನಿಂತೆ. "ಈ ಚಾಪೆಯ ಮೇಲೆ ಮಡಿಯವರಿಗೆ ಜಾಗವಿಲ್ಲ. ನಾಳೆಯಿಂದ ನೀವು ಬೇರೆ ಕಡೆ ಊಟ ಮಾಡಿ" ಎಂದೆ.

ಅವರ ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ಎಂದಿನ ನಗು ಮುಖಕ್ಕೆ ಬಂತು. "ಆಗಲಿ ಸ್ವಾಮಿ. ಒಬ್ಬನೇ ಉಂಡರೆ ಅವಳ ಅಡುಗೆಗೆ ಸಾಕ್ಷಿ ಇರಲ್ಲ. ಅವಳಿಗೂ ಅನುಕೂಲವೇ." ಮುಚ್ಚಳ ಎತ್ತಿಕೊಂಡರು. ಗೌಡರು ಹಾಕಿದ್ದ ರೊಟ್ಟಿಯನ್ನು ಎಲೆಯ ಸಮೇತ ಎತ್ತಿಕೊಂಡು ಹೊರಗೆ ಹೋದರು. ರೊಟ್ಟಿ ತೆಗೆದುಕೊಂಡು ಹೋದದ್ದನ್ನು ನಾನು ನೋಡಿದೆ. ಮಡಿಯವನು ಅದನ್ನೇಕೆ ಒಯ್ಯುತ್ತಾನೆ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಾಗಿತ್ತು. ಆದರೆ ಎರಡು ಗಂಟೆಯಾಗಿತ್ತು, ಚಾಪೆ ಸುತ್ತಬೇಕಾಗಿತ್ತು.

ಹನ್ನೊಂದು ತಿಂಗಳು ಅವರು ಹೊಂಗೆಮರದ ಕೆಳಗೆ ಒಬ್ಬರೇ ಉಂಡರು. ದಾರಿಯಲ್ಲಿ ಹೋಗುವ ಜವಾನರಿಗೆ ಏನೋ ಹೇಳಿ ನಗಿಸುವುದು ಕಿಟಕಿಯಿಂದ ಕೇಳುತ್ತಿತ್ತು. ಇತ್ತ ನಮ್ಮ ಊಟ ಹತ್ತೇ ನಿಮಿಷದಲ್ಲಿ ಮುಗಿಯುತ್ತಿತ್ತು. ಡಬ್ಬಿಗಳು ಸರಿಯಾಗಿ ಬಲಕ್ಕೆ ದಾಟುತ್ತಿದ್ದವು. ಇಷ್ಟು ಶಿಸ್ತಾದ ಊಟ ನಮ್ಮ ಕಚೇರಿಯ ಚರಿತ್ರೆಯಲ್ಲೇ ಇರಲಿಲ್ಲ. ಯಾರಿಗೂ ಅದು ರುಚಿಸಲಿಲ್ಲ.

ನವೆಂಬರ್ ಕೊನೆಯಲ್ಲಿ ಅವರ ರಜಾ ಅರ್ಜಿ ನನ್ನ ಮೇಜಿಗೆ ಬಂತು. ಅವರ ಅರ್ಜಿಗಳೆಂದರೆ ಶಿರಸ್ತೇದಾರರೂ ಕೇಳಿ ತರಿಸಿಕೊಂಡು ಓದುತ್ತಿದ್ದರು. ಇದರಲ್ಲಿ ಒಂದೇ ಸಾಲು: "ನನ್ನ ಪತ್ನಿ ತೀರಿಕೊಂಡಿರುವುದರಿಂದ ಹದಿನೈದು ದಿನ ರಜಾ ಬೇಕು." ನಾನು ಎರಡು ಸಲ ಓದಿದೆ. ಎಲ್ಲಿ ನಗಬೇಕೆಂದು ಹುಡುಕಿದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಂದು ಸಂಜೆ ನಾನೂ ಗೌಡರೂ ಕೆಸರೆಗೆ ಹೋದೆವು. ಮಹಾಶಯರು ಸ್ಮಶಾನದಿಂದ ಇನ್ನೂ ಬಂದಿರಲಿಲ್ಲ. ಜಗುಲಿಯ ಮೇಲೆ ತೀರಿಕೊಂಡಾಕೆಯ ಅಕ್ಕ ಕೂತಿದ್ದರು. ಹಿಂದಿನ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು, ಔಷಧದ ನೀರಿನ ವಾಸನೆ ಅಂಗಳದವರೆಗೂ ಬರುತ್ತಿತ್ತು. ಆಕೆಯೇ ಹೇಳಿದರು. ಕ್ಷಯ. ಐದು ವರ್ಷದ್ದು. ಆರು ತಿಂಗಳು ಊರಾಚೆಯ ಆಸ್ಪತ್ರೆ, ಆರು ತಿಂಗಳು ಈ ಕೋಣೆ. ಗೊತ್ತಾದರೆ ಮಾಲೀಕ ಮನೆ ಬಿಡಿಸುತ್ತಾನೆ, ಕಚೇರಿಯಲ್ಲಿ ಪಕ್ಕ ಕೂರಿಸುವುದಿಲ್ಲ ಎಂಬ ಭಯ. ಅಡುಗೆಯೆಲ್ಲ ಮಹಾಶಯರದೇ. ಅವರಿಗೆ ರೋಗ ತಗುಲಿಲ್ಲ ಎಂದು ಡಾಕ್ಟರು ಹೇಳಿದ್ದರೂ, ಈ ಮನೆಯ ಪಾತ್ರೆಗೆ ಇನ್ನೊಬ್ಬರ ಕೈ ಸೋಕಬಾರದೆಂದು ಪಣ ತೊಟ್ಟಿದ್ದರಂತೆ.

"ಅಡುಗೆ ಮಾತು ಅವಳೇ ಹೇಳಿಕೊಟ್ಟಿದ್ದು" ಎಂದರು ಆಕೆ. "ಕಾಯಿಲೆಯವಳು ಅನ್ನಿಸ್ಕೊಳ್ಳೋದಕ್ಕಿಂತ ಅಡುಗೆ ಬಾರದವಳು ಅನ್ನಿಸ್ಕೊಳ್ಳೋದು ವಾಸಿ, ಹಾಗೇ ಹೇಳಿ ಅಂದ್ಲು. ದಿನಾ ಸಂಜೆ ಕೇಳೋಳು, ಇವತ್ತು ನನ್ನ ಉಪ್ಪಿಟ್ಟಿಗೆ ಯಾರ್ಯಾರು ನಕ್ಕರು ಅಂತ." ನನ್ನತ್ತ ತಿರುಗಿದರು. "ಬಲಕ್ಕೆ ದಾಟಿಸಿ ಅನ್ನೋ ಹೆಡ್ ಗುಮಾಸ್ತರು ನೀವೇ ಅಲ್ವೆ? ನಿಮ್ಮನ್ನ ಕಂಡರೆ ಅವಳಿಗೆ ಬಹಳ ಇಷ್ಟ. ಇವರು ಗೌಡರು ಇರಬೇಕು. ಮೊನ್ನೆ ಕೂಡ ಅವಳ ಗಂಡ ಹೇಳ್ತಿದ್ರು, ಚಾಪೆ ಮೇಲೆ ನಿಮ್ಮ ಪಕ್ಕ ಕೂತು ನಿಮ್ಮನೆ ಮೊಸರನ್ನ ಉಂಡೆ ಅಂತ. ಆ ಚಾಪೆ ಕಥೆ ಕೇಳ್ತಾನೇ ಹೋದ್ಲು."

ಮೊನ್ನೆ ಎಂದರೆ, ಆ ಮನುಷ್ಯ ಚಾಪೆ ಬಿಟ್ಟು ಎದ್ದು ಹನ್ನೊಂದು ತಿಂಗಳಾಗಿತ್ತು.

ಹಿಂತಿರುಗುವಾಗ ಇಬ್ಬರೂ ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಬಂದೆವು. "ಮಡಿ ಅಂತ ತಿಳ್ಕಂಡ್ಬುಟ್ಟಿದ್ದೆ ಕಣ್ರೀ ನಾನು" ಎಂದರು ಗೌಡರು.

"ತಿಳ್ಕೊಂಡು ಶಿಕ್ಷೆ ಕೊಟ್ಟವನು ನಾನು" ಎಂದೆ.

ಇನ್ನು ಆ ಸೋಮವಾರ. ರಜಾ ಮುಗಿಸಿ ಬಂದ ಮಹಾಶಯರು ಒಂದೂವರೆಗೆ ತಮ್ಮ ಡಬ್ಬಿ ಹಿಡಿದು ಮರದ ಕಡೆ ನಡೆದರು. ನಾನು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಹೋಗಿ ಅವರ ಮುಂದೆ ಹಾಸಿದೆ. ಗೌಡರೂ ಶ್ಯಾಮಣ್ಣನೂ ಬಂದು ಕುಳಿತರು. ಕ್ಷಮೆ ಕೇಳಲು ಬೆಳಿಗ್ಗೆ ನಾಲ್ಕೂವರೆಯಿಂದ ಎರಡು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಎರಡೂ ಹೊರಗೆ ಬರಲಿಲ್ಲ. ಅದರ ಬದಲು, ಜನ್ಮದಲ್ಲಿ ಜೋಕು ಮಾಡದ ನಾನು, "ನಮ್ಮ ಮನೆಯವಳ ಅಡುಗೆ ಇವತ್ತು ಬಹಳ ಕೆಟ್ಟಿದೆ" ಎಂದೆ. ಅದು ಜೋಕೆಂದು ಯಾರಿಗೂ ತಿಳಿಯಲಿಲ್ಲ. ಶ್ಯಾಮಣ್ಣ, "ಹೌದಾ, ಪಾಪ" ಎಂದ.

ಮಹಾಶಯರು ಅಭ್ಯಾಸದಂತೆ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಯಾರೂ ಅದನ್ನು ದಾಟಿಸಿ ಎನ್ನಲಿಲ್ಲ. ಅವರೆಕಾಯಿ ಮತ್ತೆ ಪೇಟೆಗೆ ಬಂದಿತ್ತು. ಗೌಡರು ಎಲೆ ಹಾಕಿ, ಎರಡು ಅಕ್ಕಿರೊಟ್ಟಿ ಇಟ್ಟು, ಹಿತಕಿದ ಬೇಳೆ ಸಾರನ್ನು ಮೇಲಿನಿಂದ ಸುರಿದರು. "ತಿನ್ನಿ ಸ್ವಾಮಿ" ಎಂದರು, ಅಷ್ಟೇ.

ಅವರು ತಿಂದರು. ನಾವು ಕಾದೆವು; ಒಂದು ಕಥೆ ಬರುತ್ತದೆ, ನಕ್ಕು ಹಗುರಾಗಬಹುದೆಂದು ನಾನು ಆಸೆಯಿಂದಲೇ ಕಾದೆ. ಅವರು ಎಲೆಯನ್ನು ನೋಡುತ್ತಾ ನಿಧಾನವಾಗಿ ಹೇಳಿದರು:

"ಅವಳು ಬಹಳ ಚೆನ್ನಾಗಿ ಅಡುಗೆ ಮಾಡೋಳು. ಹಿತಕಿದ ಬೇಳೆ ಅಂತೂ ಇದಕ್ಕಿಂತ ಚೆನ್ನಾಗಿ ಮಾಡೋಳು ಗೌಡ್ರೆ."

"ಮಾಡಿರ್ತಾರೆ ಸ್ವಾಮಿ" ಎಂದರು ಗೌಡರು.

ಚಾಪೆ ಸುತ್ತಿದಾಗ ಎರಡೂ ಕಾಲು. ಎಲೆಗಳನ್ನು ನಾನೇ ಎತ್ತಿದೆ. ಸಂಜೆ ಎಲ್ಲರೂ ಹೋದ ಮೇಲೆ ಗೋಡೆಯ ಮೇಲಿದ್ದ ನಿಯಮದ ಹಾಳೆಯನ್ನು ಬಿಚ್ಚಿ ಮಡಿಸಿದೆ. ನಾಲ್ಕು ಮೊಳೆಗಳನ್ನು ಕಿತ್ತು ಮೇಜಿನ ಖಾನೆಗೆ ಹಾಕಿದೆ. ಕೋಣೆಗೆ ಬೀಗ ಹಾಕಿ ಎಳೆದು ನೋಡಿದೆ. ಗಂಟೆ ಐದೂ ಇಪ್ಪತ್ತು.