ಕರಿಯಣ್ಣನ ಡಯಾಲಿಸಿಸ್

ಕೊತ್ತತ್ತಿಯ ಸಿದ್ದರಾಮುವಿನ ಫಜೀತಿಗೆಲ್ಲ ಕಾರಣ ರಕ್ತ ಹೀರುವ ಒಂದು ಉಣ್ಣೆ ಹುಳ. ಅವನ ನಾಯಿ ಕರಿಯಣ್ಣನ ಕಿವಿಯೊಳಗೆ, ಮೂರನೇ ಪಂಕ್ತಿಗೂ ಏಳದ ನೆಂಟನಂತೆ ಅದು ಕಡಲೆಕಾಳಿನಷ್ಟು ಊದಿ ಕೂತಿತ್ತು. ಅದು ಕಚ್ಚಿದಾಗ ಸೂಕ್ಷ್ಮಜೀವಿಗಳು ರಕ್ತಕ್ಕಿಳಿದು, ವಾರದೊಳಗೆ ಜ್ವರವೇರಿ, ನಾಯಿ ಮುದ್ದೆಯನ್ನು ಮೂಸಿಯೂ ನೋಡದಾಯಿತು. ಔಷಧಿಗೆ ಆ ಜೀವಿಗಳೇನೋ ಸಾಯುತ್ತವೆ, ಆದರೆ ಮೂತ್ರಪಿಂಡ ಸೋತಿದೆ ಎಂದರು ಮಂಡ್ಯದ ಡಾಕ್ಟರು. ಅದು ಚೇತರಿಸಿಕೊಳ್ಳುವತನಕ ರಕ್ತವನ್ನು ಯಂತ್ರದಲ್ಲಿ ಸೋಸಬೇಕು, ಮೈಸೂರಿನ ಪ್ರಾಣಿಗಳ ಆಸ್ಪತ್ರೆಯೊಂದರಲ್ಲಿ ಆ ಯಂತ್ರವಿದೆ, ತಡಮಾಡಿದರೆ ನಾಯಿ ಉಳಿಯದು.

"ಉಳಿಸ್ಕತೀನಿ ಬುಡಿ ಸಾ," ಎಂದ ಸಿದ್ದರಾಮು.

ಅವನಿಗೆ ಚಿಂತೆಯಿದ್ದದ್ದು ರಜೆಯದು. ಮದ್ದೂರಿನ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಅಲ್ಲಿನ ಸಾಹೇಬರಾದ ಮಧುಕರ, ಹಸು ಈಯುತ್ತದೆಂದು ರಜೆ ಕೇಳಿದವನಿಗೆ ನೀನೇನು ಸೂಲಗಿತ್ತಿಯೇ ಎಂದಿದ್ದವರು. ಬೆಳಿಗ್ಗೆ ಅವರು ಫೋನೆತ್ತಲಿಲ್ಲ. ಸಿದ್ದರಾಮು ಸಹೋದ್ಯೋಗಿ ನಯನಳಿಗೇ ಹೇಳಿಬಿಟ್ಟ: "ನಮ್ ಕರಿಯಣ್ಣಂಗೆ ಡಯಾಲಿಸಿಸ್ ಐತೆ ಕಣಮ್ಮ. ಅದಿನೈದ್ ದಿನ ಬರಕಾಗಕಿಲ್ಲ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕರಿಯಣ್ಣ ಇವನ ದೊಡ್ಡಪ್ಪನಿರಬೇಕೆಂದು ನಯನ ಅಂದುಕೊಂಡದ್ದು ಅವಳ ತಪ್ಪು.

ಪಕ್ಕದ ಮನೆಯ ಹೊಂಬಾಳಮ್ಮ ಯಾರೂ ಕರೆಯದೆಯೇ ವ್ಯಾನು ಹತ್ತಿ, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಬೇವಿನ ಕಷಾಯದ ಮಹಿಮೆ ಹೇಳಿದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಸಿಂಧು ಕರಿಯಣ್ಣನ ಕುತ್ತಿಗೆಗೆ ಕೊಳವೆ ಜೋಡಿಸಿ ಯಂತ್ರ ಶುರುಮಾಡಿದರು. ಸಿದ್ದರಾಮು ಎರಡೂ ಕೈಯಲ್ಲಿ ನಾಯಿಯನ್ನು ಹಿಡಿದಿದ್ದಾಗ ಅವನ ಫೋನು ಹೊಡೆದುಕೊಂಡಿತು. ಹೊಂಬಾಳಮ್ಮ ಎತ್ತಿ, ಬೀದಿ, ತಿರುವು, ಎದುರಿನ ಬೇಕರಿ ಎಲ್ಲವನ್ನೂ ವಿವರವಾಗಿ ಒಪ್ಪಿಸಿದಳು.

"ನಿಮ್ ಆಪೀಸ್ನೋರು ನಾಕ್ ಜನ ನೋಡಕ್ಕೆ ಬತ್ತಾವ್ರಂತೆ. ಪಾಪ, ಒಳ್ಳೆ ಜನ."

ಡಯಾಲಿಸಿಸ್ ನಾಯಿಗೆಂದು ಸಾಹೇಬರ ಕಿವಿಗೆ ಬಿದ್ದರೆ ಸಿದ್ದರಾಮುವಿನ ರಜೆ ಹೋದಂತೆಯೇ. ನಾಯಿಯನ್ನು ಅವಳ ಕೈಗೊಪ್ಪಿಸಿ, ಹಿಂಬಾಗಿಲು ಹುಡುಕುತ್ತ ಪಕ್ಕದ ಕೋಣೆಗೆ ನುಗ್ಗಿದ. ಅಲ್ಲೊಂದು ಯಂತ್ರ. ಅದಕ್ಕೆ ಜೋಡಿಸಿದ ಒಂದು ಗಿಡ್ಡ ಮೂತಿಯ ನಾಯಿ. ಅದರ ಪಂಜ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದವರು ಸಾಕ್ಷಾತ್ ಸಾಹೇಬರು.

"ಮೇಲಿನವರಿಗೆ ನಮ್ಮತ್ತೆಗೆ ಡಯಾಲಿಸಿಸ್ ಅಂತ ಹೇಳಿದೀನಿ," ಎಂದರು ಅವರು, ಮುಖ ಬಿಳಿಚಿಕೊಂಡು. "ಬಾಯಿ ಬಿಡಬೇಡ ಮಾರಾಯ."

ಸಿದ್ದರಾಮುವಿಗೆ ಆನೆ ಬಲ ಬಂತು. ಇನ್ನು ರಜೆ ಜೇಬಿನಲ್ಲಿದ್ದ ಹಾಗೆಯೇ. ಕುರ್ಚಿ ಎಳೆದುಕೊಂಡು ಕೂತು ತನ್ನ ಕಥೆಯನ್ನೂ ಹೇಳಿದ. ಸಾಹೇಬರು ನಿಟ್ಟುಸಿರುಬಿಟ್ಟರು.

"ಅದೇ ತೊಂದರೆ ಆಗಿರೋದು ಕಣಯ್ಯ. ನಾನೂ ಹದಿನೈದು ದಿನ ರಜಾ ಹಾಕಿ, ಆಫೀಸಿನ ಚಾರ್ಜು ನಿನ್ನ ಹೆಸರಿಗೆ ಬರೆದು ಕಳಿಸಿದೀನಿ. ಆರ್ಡರೂ ಆಗಿಹೋಯ್ತು. ಇಬ್ಬರೂ ಇಲ್ಲಿ ಕೂರೋ ಹಾಗಿಲ್ಲ. ನಿನ್ನ ನಾಯೀನೂ ನಾನೇ ನೋಡ್ಕೋತೀನಿ, ನೀನು ಹೊರಡು."

ಸಾಹೇಬರು ಕರಿಯಣ್ಣನ ಬಳಿ ಬಂದು ಕತ್ತು ತುರಿಸಿದರು. ಬೆಳಗಿನಿಂದ ಕಣ್ಣುಬಿಡದಿದ್ದ ನಾಯಿ ಕಣ್ಣುಬಿಟ್ಟು, ಅವರನ್ನು ನೋಡಿ ಮೆಲ್ಲಗೆ ಬಾಲ ಅಲ್ಲಾಡಿಸಿತು. ಬದುಕಿಕೊಂಡಿತು ಎಂದು ಸಿದ್ದರಾಮುವಿಗೆ ಹಿಗ್ಗೂ ಆಯಿತು, ಹೊಟ್ಟೆಯೂ ಉರಿಯಿತು.

ಗೇಟಿನಲ್ಲಿ ನಯನ, ಉಳಿದ ಮೂವರೊಂದಿಗೆ, ದ್ರಾಕ್ಷಿ ಮೋಸಂಬಿ ಹಿಡಿದು ನಿಂತಿದ್ದಳು. ಪ್ರಾಣಿಗಳ ಆಸ್ಪತ್ರೆಯೆಂಬ ಬೋರ್ಡು ಓದಿ ನಕ್ಕು ಅವರಿಗೆ ಸುಸ್ತಾಗಿತ್ತು. ಹೊಸ ಆರ್ಡರು ಅವರ ಮೊಬೈಲಿಗೂ ಬಂದಿತ್ತು. ನಯನ ವಿನಯದಿಂದ ನಾಲ್ಕು ರಜಾ ಅರ್ಜಿ ಮುಂದೆ ಹಿಡಿದಳು.

"ಸಾಹೇಬ್ರೆ, ಎಂಗೂ ಮೈಸೂರ್‌ಗಂಟ ಬಂದ್ಬುಟ್ಟಿವಿ. ನಾಳೆ ನಾಡಿದ್ದೂ ಸೇರ್ಸಿ ಒಂದ್ ಸೈನ್ ಆಕ್ಬುಡಿ."

ಇಲ್ಲವೆನ್ನುವ ಮುಖ ಅವನಿಗಿರಲಿಲ್ಲ. ಆಸ್ಪತ್ರೆಯ ಕಾಂಪೌಂಡಿಗೆ ಕಾಗದ ಒತ್ತಿ ನಾಲ್ಕಕ್ಕೂ ಸಹಿ ಹಾಕಿ, ಮದ್ದೂರಿನ ಬಸ್ಸು ಹತ್ತಿದ. ಕಚೇರಿಯ ಬಾಗಿಲು ತೆಗೆಯಲು ಇನ್ನು ಉಳಿದಿದ್ದವನು ಅವನೊಬ್ಬನೇ.